ಜಪಾನಿನ ರ್ಯೋಕಾನ್‌ನಲ್ಲಿ ಖಾಸಗಿ ಬಿಸಿನೀರಿನ ಬುಗ್ಗೆ ಸ್ನಾನ: ನಮ್ಮವರು ಪದೇ ಪದೇ ಕೇಳುವ ಪ್ರಶ್ನೆಗಳು

ಜಪಾನಿಗೆ ಹೊರಟವರು ಟೋಕಿಯೊ, ಕ್ಯೋಟೊ ಮುಗಿಸಿ "ಒಂದು ರಾತ್ರಿ ರ್ಯೋಕಾನ್‌ನಲ್ಲಿ ಇರೋಣ ಅಂತಿದೀವಿ" ಎನ್ನುತ್ತಾರೆ. ಅದರ ಬೆನ್ನಿಗೇ ಪ್ರಶ್ನೆಗಳ ಸಾಲು ಬರುತ್ತದೆ. ಸಂಕೋಚದಿಂದ ಪಿಸುದನಿಯಲ್ಲಿ ಕೇಳುವ ಪ್ರಶ್ನೆಗಳೂ ಅದರಲ್ಲಿರುತ್ತವೆ. ಎಲ್ಲವಕ್ಕೂ ಒಂದೇ ಕಡೆ ಉತ್ತರ ಬರೆದಿಟ್ಟಿದ್ದೇನೆ.

ರ್ಯೋಕಾನ್ ಅಂದರೆ ಹೋಟೆಲೇ ತಾನೆ?

ಅಲ್ಲ. ಅದು ಜಪಾನಿನ ಸಾಂಪ್ರದಾಯಿಕ ತಂಗುಮನೆ. ಹೋಟೆಲಿನಲ್ಲಿ ಮಲಗಲು ಜಾಗ ಕೊಡುತ್ತಾರೆ, ಉಳಿದದ್ದು ನಿಮ್ಮ ಪಾಡು. ರ್ಯೋಕಾನ್‌ನಲ್ಲಿ ಮಧ್ಯಾಹ್ನ ಮೂರರಿಂದ ಮರುದಿನ ಬೆಳಿಗ್ಗೆ ಹತ್ತರವರೆಗಿನ ಹೊತ್ತನ್ನೇ ಒಂದು ಕಾರ್ಯಕ್ರಮದಂತೆ ಜೋಡಿಸಿಟ್ಟಿರುತ್ತಾರೆ. ಹೋದ ಕೂಡಲೇ ಚಹಾ ಮತ್ತು ಒಂದು ಚೂರು ಸಿಹಿ, ಆಮೇಲೆ ಸ್ನಾನ, ಆರೂವರೆಗೆ ಊಟ. ನೀವು ಊಟ ಮುಗಿಸುವಷ್ಟರಲ್ಲಿ ಕೋಣೆಯ ಮೇಜನ್ನು ಪಕ್ಕಕ್ಕೆ ಸರಿಸಿ ತತಾಮಿ ಚಾಪೆಯ ಮೇಲೆ ಫುತೊನ್ ಹಾಸಿಗೆ ಹಾಸಿರುತ್ತಾರೆ. ಬೆಳಿಗ್ಗೆ ಮತ್ತೆ ಸ್ನಾನ, ತಿಂಡಿ, ಹೊರಡುವುದು.

ಈ ಕಸುಬು ಹಳೆಯದು. ಯಾಮಾನಾಶಿ ಪ್ರಾಂತ್ಯದ ನಿಶಿಯಾಮಾ ಒನ್ಸೆನ್ ಕೆಯುಂಕಾನ್ ಎಂಬ ರ್ಯೋಕಾನ್ ಕ್ರಿ.ಶ. 705ರಲ್ಲಿ ಶುರುವಾದದ್ದು, ಜಗತ್ತಿನ ಅತಿ ಹಳೆಯ ಹೋಟೆಲ್ ಎಂದು ಗಿನ್ನೆಸ್ ದಾಖಲೆಯಲ್ಲಿದೆ. ಆಗ ಬಾದಾಮಿಯಲ್ಲಿ ಚಾಲುಕ್ಯರ ವಿಜಯಾದಿತ್ಯ ಆಳುತ್ತಿದ್ದ.

ಎಲ್ಲರೆದುರು ಬಟ್ಟೆ ಬಿಚ್ಚಿ ಸ್ನಾನ ಮಾಡಬೇಕಂತೆ, ನಿಜವಾ?

ಸಾಮೂಹಿಕ ಸ್ನಾನದ ಮನೆಯಲ್ಲಿ ನಿಜ. ಗಂಡಸರಿಗೆ ಬೇರೆ, ಹೆಂಗಸರಿಗೆ ಬೇರೆ ಇರುತ್ತದೆ. ಆದರೆ ಒಳಗೆ ಯಾರ ಮೈಮೇಲೂ ಬಟ್ಟೆ ಇರುವುದಿಲ್ಲ, ಈಜುಡುಗೆಗೂ ಅವಕಾಶವಿಲ್ಲ. ಅಲ್ಲಿ ಯಾರೂ ಯಾರನ್ನೂ ನೋಡುವುದಿಲ್ಲ ಎಂದು ಎಷ್ಟು ಹೇಳಿದರೂ ನಮ್ಮಲ್ಲಿ ಅನೇಕರಿಗೆ ಧೈರ್ಯ ಸಾಲದು. ಒತ್ತಾಯ ಮಾಡುವುದೂ ಬೇಡ. ಖಾಸಗಿ ಸ್ನಾನದ ವ್ಯವಸ್ಥೆ ಇರುವುದೇ ಅದಕ್ಕೆ.

ಅದರಲ್ಲಿ ಎರಡು ಬಗೆ. ಒಂದು, ಕೋಣೆಗೇ ಅಂಟಿಕೊಂಡ ತೊಟ್ಟಿ. ಸಾಮಾನ್ಯವಾಗಿ ಬಾಲ್ಕನಿಯಲ್ಲೋ ಪುಟ್ಟ ಅಂಗಳದಲ್ಲೋ ಇರುತ್ತದೆ. ಇನ್ನೊಂದು ಕಾಶಿಕಿರಿ. ರ್ಯೋಕಾನ್‌ನ ಒಳಗೇ ಬೇರೆಯಾಗಿ ಕಟ್ಟಿದ ಸಣ್ಣ ಸ್ನಾನದ ಮನೆ ಅದು, ನಲವತ್ತೈದು ನಿಮಿಷವೋ ಒಂದು ಗಂಟೆಯೋ ನಿಮ್ಮ ಮನೆಯವರಿಗಷ್ಟೇ ಬಿಟ್ಟುಕೊಡುತ್ತಾರೆ. ಒಳಗಿನಿಂದ ಚಿಲಕ ಹಾಕಿಕೊಂಡರೆ ಆಯಿತು. ಗಂಡ, ಹೆಂಡತಿ, ಮಕ್ಕಳು ಒಟ್ಟಿಗೇ ಇಳಿಯಬಹುದು.

ಕೋಣೆಯಲ್ಲೇ ತೊಟ್ಟಿ ಇರುವುದನ್ನು ತಗೊಳ್ಳಬೇಕಾ, ಕಾಶಿಕಿರಿ ಸಾಕಾ?

ಹೆಚ್ಚಿನವರಿಗೆ ಕಾಶಿಕಿರಿ ಸಾಕು ಎಂಬುದು ನನ್ನ ಅಭಿಪ್ರಾಯ. ತೊಟ್ಟಿ ಇರುವ ಕೋಣೆಗೆ ಬಾಡಿಗೆ ಎಷ್ಟೋ ಸಲ ದುಪ್ಪಟ್ಟಾಗುತ್ತದೆ. ಕಾಶಿಕಿರಿ ಕೆಲವು ಕಡೆ ಪುಕ್ಕಟೆ, ಕೆಲವು ಕಡೆ ಎರಡು ಮೂರು ಸಾವಿರ ಯೆನ್. ಅದರ ತೊಟ್ಟಿ ದೊಡ್ಡದಿರುತ್ತದೆ, ಸುತ್ತಲಿನ ಬಂಡೆ, ಗಿಡ, ನೋಟವೂ ಚೆನ್ನಾಗಿರುತ್ತದೆ.

ಆದರೆ ಕೋಣೆಯ ತೊಟ್ಟಿಗೆ ಒಂದು ಸುಖವಿದೆ: ಗಡಿಯಾರ ನೋಡಬೇಕಾಗಿಲ್ಲ. ನಡುರಾತ್ರಿ ಎಚ್ಚರವಾದರೆ ಹೋಗಿ ಕೂರಬಹುದು. ವಯಸ್ಸಾದವರು, ಎಳೆಮಕ್ಕಳು ಜೊತೆಗಿದ್ದರೆ, ಅಥವಾ ಮದುವೆಯಾದ ಹೊಸತರಲ್ಲಿ ಹೋಗುತ್ತಿದ್ದರೆ ಆ ದುಡ್ಡು ದಂಡವಲ್ಲ.

ಬುಕ್ ಮಾಡುವ ಮುಂಚೆ ಒಂದು ಮಾತು ಕೇಳಿ ತಿಳಿದುಕೊಳ್ಳಿ: ಕೋಣೆಯ ತೊಟ್ಟಿಗೆ ಬರುವುದು ಬುಗ್ಗೆಯ ನೀರೋ, ಕಾಯಿಸಿದ ನಲ್ಲಿ ನೀರೋ? ಫೋಟೋದಲ್ಲಿ ಎರಡೂ ಒಂದೇ ಥರ ಕಾಣುತ್ತವೆ. ಸಾಮೂಹಿಕ ತೊಟ್ಟಿಗೆ ಮಾತ್ರ ಬುಗ್ಗೆಯ ನೀರು ಬಿಟ್ಟು, ಕೋಣೆಯ ಹಿನೋಕಿ ಮರದ ಚೆಂದದ ತೊಟ್ಟಿಗೆ ಸಾದಾ ನೀರು ಬಿಡುವ ರ್ಯೋಕಾನ್‌ಗಳು ಬೇಕಾದಷ್ಟಿವೆ. ಅವರೇನೂ ಮುಚ್ಚಿಡುವುದಿಲ್ಲ, ವಿವರದಲ್ಲಿ ಬರೆದೇ ಇರುತ್ತಾರೆ. ಓದುವ ತಾಳ್ಮೆ ನಮಗಿರುವುದಿಲ್ಲ ಅಷ್ಟೇ.

ಬುಗ್ಗೆಯ ನೀರೇ ಅಂತ ಗೊತ್ತಾಗುವುದು ಹೇಗೆ?

ಬಟ್ಟೆ ಬದಲಿಸುವ ಕೋಣೆಯ ಗೋಡೆ ನೋಡಿ. ಅಲ್ಲೊಂದು ಪ್ರಮಾಣಪತ್ರ ತೂಗುಹಾಕಿರುತ್ತಾರೆ. ಬುಗ್ಗೆಯ ಹೆಸರು, ನೆಲದಿಂದ ಬರುವಾಗಿನ ಉಷ್ಣತೆ, ಪಿಎಚ್, ಯಾವ ಖನಿಜ ಎಷ್ಟು ಮಿಲಿಗ್ರಾಂ ಎಂಬುದೆಲ್ಲ ಅದರಲ್ಲಿರುತ್ತದೆ. ಭಾಷೆ ಜಪಾನಿಯಾದರೂ ಫೋನಿನ ಅನುವಾದದ ಆ್ಯಪ್ ಸಾಕು. ಸಾಮೂಹಿಕ ಸ್ನಾನದ ಮನೆಯಲ್ಲಾದರೆ ಬಟ್ಟೆ ಬದಲಿಸುವಲ್ಲಿ ಫೋನ್ ತೆಗೆಯುವಂತಿಲ್ಲ, ಕಾಶಿಕಿರಿಯಲ್ಲಿ ತೊಂದರೆಯಿಲ್ಲ.

ಜಪಾನಿನಲ್ಲಿ ಇದಕ್ಕೆ 1948ರಿಂದಲೇ ಕಾನೂನಿದೆ. ಒನ್ಸೆನ್, ಅಂದರೆ ಬಿಸಿನೀರಿನ ಬುಗ್ಗೆ, ಎನಿಸಿಕೊಳ್ಳಲು ನೀರು ಬುಗ್ಗೆಯ ಬಾಯಲ್ಲಿ 25 ಡಿಗ್ರಿ ಅಥವಾ ಅದಕ್ಕಿಂತ ಹೆಚ್ಚು ಬಿಸಿ ಇರಬೇಕು, ಇಲ್ಲವೇ ಪಟ್ಟಿ ಮಾಡಿರುವ 19 ಅಂಶಗಳಲ್ಲಿ ಒಂದಾದರೂ ನಿಗದಿತ ಪ್ರಮಾಣದಲ್ಲಿರಬೇಕು. ಅಂದರೆ ನೆಲದಿಂದ ತಣ್ಣಗೆ ಬಂದು ಆಮೇಲೆ ಕಾಯಿಸಿದ ನೀರೂ ಕಾನೂನಿನ ಲೆಕ್ಕದಲ್ಲಿ ಒನ್ಸೆನ್ನೇ. 2004ರಲ್ಲಿ ನಾಗಾನೊ ಪ್ರಾಂತ್ಯದ ಶಿರಾಹೊನೆ ಎಂಬ ಊರಿನಲ್ಲಿ, ಹಾಲಿನಂಥ ಬಿಳಿ ನೀರಿಗೇ ಹೆಸರಾದ ಕಡೆ, ಬಿಳುಪು ಬರಲೆಂದು ಸ್ನಾನದ ಪುಡಿ ಬೆರೆಸುತ್ತಿದ್ದುದು ಬಯಲಾಗಿ ದೊಡ್ಡ ಗಲಾಟೆಯಾಯಿತು. ಮರುವರ್ಷ ನಿಯಮ ಬಿಗಿಯಾಯಿತು. ನೀರು ಬೆರೆಸಿದ್ದೀರಾ, ಕಾಯಿಸಿದ್ದೀರಾ, ಅದನ್ನೇ ಸೋಸಿ ತಿರುಗಿಸುತ್ತೀರಾ, ಔಷಧಿ ಹಾಕಿದ್ದೀರಾ, ಎಲ್ಲವನ್ನೂ ಈಗ ಬರೆದು ಹಾಕಲೇಬೇಕು.

ಬುಗ್ಗೆಯಿಂದ ನೇರ ಬಂದು, ತೊಟ್ಟಿ ತುಂಬಿ, ಅಂಚಿನಿಂದ ಹರಿದು ಹೋಗುವ ನೀರಿಗೆ ಗೆನ್ಸೆನ್ ಕಾಕೆನಾಗಾಶಿ ಎನ್ನುತ್ತಾರೆ. ಜಾಹೀರಾತಿನಲ್ಲಿ ಈ ಮಾತು ಕಂಡರೆ ಒಳ್ಳೆಯ ಲಕ್ಷಣ. ನೀರು ಸುಮ್ಮನೆ ಹರಿದು ಹೋಗುವುದನ್ನು ಕಂಡು ನಮ್ಮ ಕೈ ತಾನಾಗಿ ನಲ್ಲಿ ನಿಲ್ಲಿಸಲು ಹೋಗುತ್ತದೆ. ದಯವಿಟ್ಟು ನಿಲ್ಲಿಸಬೇಡಿ, ಅದು ಹರಿಯಬೇಕಾದದ್ದೇ.

ಖರ್ಚು ಎಷ್ಟಾಗುತ್ತೆ?

ಇಲ್ಲಿ ಎಲ್ಲರೂ ಎಡವುವುದು ಒಂದೇ ಕಡೆ: ದರ ಕೋಣೆಗಲ್ಲ, ತಲೆಗೆ. ರಾತ್ರಿಯೂಟ, ಬೆಳಗಿನ ತಿಂಡಿ ಸೇರಿ ಸಾಧಾರಣವಾಗಿ ಒಳ್ಳೆಯ ಕಡೆ ಒಬ್ಬರಿಗೆ 15,000ದಿಂದ 30,000 ಯೆನ್ ಇಟ್ಟುಕೊಳ್ಳಿ. ಕೋಣೆಯಲ್ಲೇ ಬುಗ್ಗೆ ತೊಟ್ಟಿ ಬೇಕೆಂದರೆ 30,000ದಿಂದ ಮೇಲಕ್ಕೆ, ಮೇಲಿನ ಮಿತಿ ಇಲ್ಲ. ಯೆನ್‌ಗೆ ಅರ್ಧ ರೂಪಾಯಿಗಿಂತ ತುಸು ಹೆಚ್ಚೆಂದು ಲೆಕ್ಕ ಹಾಕಿಕೊಂಡರೆ ಒಂದು ಅಂದಾಜು ಸಿಗುತ್ತದೆ. ಇದರ ಮೇಲೆ ಸ್ನಾನದ ತೆರಿಗೆ ಬೇರೆ, ಸಾಮಾನ್ಯವಾಗಿ ತಲೆಗೆ 150 ಯೆನ್.

ಶನಿವಾರ ರಾತ್ರಿ, ಏಪ್ರಿಲ್ ಕೊನೆ–ಮೇ ಮೊದಲ ವಾರ, ಆಗಸ್ಟ್ ನಡುವಿನ ಒಬೊನ್ ಹಬ್ಬ, ಹೊಸ ವರ್ಷ: ಈ ದಿನಗಳಲ್ಲಿ ಬೆಲೆ ಏರುತ್ತದೆ, ಜಾಗವೂ ಸಿಗುವುದಿಲ್ಲ. ಮಂಗಳವಾರ, ಬುಧವಾರ ಹೋಗಿ. ಒಬ್ಬರೇ ಹೋಗುವವರನ್ನು ಕೆಲವು ರ್ಯೋಕಾನ್‌ಗಳು ಸೇರಿಸಿಕೊಳ್ಳುವುದೇ ಇಲ್ಲ, ಇದ್ದರೂ ದರ ಜಾಸ್ತಿ.

ಎರಡು ರಾತ್ರಿ ಬೇಕಾ ಎಂದು ಕೇಳುವವರಿಗೆ ನನ್ನ ಉತ್ತರ: ಒಂದೇ ರಾತ್ರಿ, ಆದರೆ ಸ್ವಲ್ಪ ಒಳ್ಳೆಯದರಲ್ಲಿ.

ಯಾವ ಊರಿಗೆ ಹೋಗೋದು?

ಟೋಕಿಯೊದಲ್ಲಿ ಇಳಿದವರಿಗೆ ಹಕೊನೆ ಸುಲಭ. ಶಿಂಜುಕು ನಿಲ್ದಾಣದಿಂದ ರೊಮಾನ್ಸ್‌ಕಾರ್ ರೈಲು ಒಂದೂವರೆ ಗಂಟೆಯೊಳಗೆ ಹಕೊನೆ-ಯುಮೊತೊ ತಲುಪಿಸುತ್ತದೆ. ಅಲ್ಲಿಂದ ಬೆಟ್ಟದ ಪುಟ್ಟ ರೈಲು ಮುಂದಕ್ಕೂ ಹಿಂದಕ್ಕೂ ದಿಕ್ಕು ಬದಲಿಸುತ್ತಾ ಗೋರಾಕ್ಕೆ ಹತ್ತುತ್ತದೆ. ಇನ್ನೂ ಮೇಲೆ ಒವಾಕುದಾನಿಯಲ್ಲಿ ನೆಲದಿಂದ ಗಂಧಕದ ಹೊಗೆ ಏಳುತ್ತಿರುತ್ತದೆ. ಆ ನೀರಿನಲ್ಲಿ ಬೇಯಿಸಿದ ಮೊಟ್ಟೆಯ ಸಿಪ್ಪೆ ಕಪ್ಪಾಗುತ್ತದೆ, ಒಂದು ತಿಂದರೆ ಏಳು ವರ್ಷ ಆಯಸ್ಸು ಹೆಚ್ಚುತ್ತದೆ ಎಂದು ಹೇಳಿ ಮಾರುತ್ತಾರೆ. ಖಾಸಗಿ ತೊಟ್ಟಿಯ ರ್ಯೋಕಾನ್‌ಗಳು ಹಕೊನೆಯಲ್ಲಿ ಎಲ್ಲ ಬೆಲೆಯಲ್ಲೂ ಸಿಗುತ್ತವೆ. ಜನಜಂಗುಳಿಯೂ ಅಷ್ಟೇ ಇರುತ್ತದೆ.

ಕ್ಯೋಟೊ ಕಡೆಯಿಂದಾದರೆ ಕಿನೊಸಾಕಿ, ರೈಲಿನಲ್ಲಿ ಎರಡೂವರೆ ಗಂಟೆ. ಊರ ನಡುವೆ ಸಣ್ಣ ಹೊಳೆ, ಅದರ ಎರಡೂ ದಡದಲ್ಲಿ ವಿಲೋ ಮರಗಳು. ಏಳು ಸಾರ್ವಜನಿಕ ಸ್ನಾನದ ಮನೆಗಳಿವೆ. ರ್ಯೋಕಾನ್ ಕೊಟ್ಟ ಯುಕಾತಾ ಎಂಬ ಹತ್ತಿಯ ನಿಲುವಂಗಿ ಉಟ್ಟು, ಮರದ ಪಾದುಕೆ ಟಕಟಕ ಅನ್ನಿಸುತ್ತಾ ಜನ ಒಂದರಿಂದ ಇನ್ನೊಂದಕ್ಕೆ ಓಡಾಡುತ್ತಾರೆ. ಸಾಮೂಹಿಕ ಸ್ನಾನ ಬೇಡ ಎನ್ನುವವರೂ ರ್ಯೋಕಾನ್‌ನ ಕಾಶಿಕಿರಿಯಲ್ಲಿ ಮಿಂದು, ಸಂಜೆ ಹಾಗೇ ಬೀದಿ ಸುತ್ತಿ ಬರಬಹುದು. ಒಂದೇ ಊರು ಆರಿಸು ಎಂದರೆ ನಾನು ಇದನ್ನೇ ಆರಿಸುತ್ತೇನೆ.

ದಕ್ಷಿಣದ ಕ್ಯೂಶು ದ್ವೀಪದವರೆಗೆ ಹೋಗುವವರಿಗೆ ಯುಫುಯಿನ್, ಕುರೊಕಾವಾ ಇವೆ. ತೋಟದ ನಡುವೆ ಬಿಡಿ ಬಿಡಿ ಮನೆ, ಪ್ರತಿ ಮನೆಗೂ ತನ್ನದೇ ತೊಟ್ಟಿ, ಇಂಥ ಏರ್ಪಾಟು ಅಲ್ಲಿ ಚೆನ್ನಾಗಿದೆ. ಗುನ್ಮಾ ಪ್ರಾಂತ್ಯದ ಕುಸಾತ್ಸು ತೀರಾ ಆಮ್ಲೀಯ ನೀರಿಗೆ ಹೆಸರುವಾಸಿ. ಪಿಎಚ್ 2ರ ಆಸುಪಾಸು, ಸಣ್ಣ ಗಾಯವಿದ್ದರೂ ಉರಿಯುತ್ತದೆ. ಎಳೆ ಚರ್ಮದ ಮಕ್ಕಳಿಗೆ ಬೇಡ. ಕೋಬೆ ಪಕ್ಕದ ಅರಿಮಾದಲ್ಲಿ ಕಬ್ಬಿಣದ ಅಂಶದಿಂದ ನೀರು ಕೆಮ್ಮಣ್ಣಿನ ಬಣ್ಣಕ್ಕಿರುತ್ತದೆ, ಬಿಳಿ ಟವೆಲ್ ಕೆಂಪಾಗುತ್ತದೆ.

ನಾವು ಶುದ್ಧ ಸಸ್ಯಾಹಾರಿಗಳು. ಊಟದ ಗತಿ?

ಸ್ನಾನಕ್ಕಿಂತ ದೊಡ್ಡ ಸಮಸ್ಯೆ ಇದೇ. ನೇರವಾಗಿ ಹೇಳುತ್ತೇನೆ.

ರ್ಯೋಕಾನ್‌ನ ಕೈಸೆಕಿ ಊಟ, ಅಂದರೆ ಒಂದಾದ ಮೇಲೊಂದು ಬರುವ ಹಲವು ಬಗೆಯ ಊಟ, ಮೀನಿನ ಸುತ್ತಲೇ ಕಟ್ಟಿದ್ದು. ಮೀನು ತೆಗೆದುಬಿಟ್ಟರೆ ಮುಗಿಯಿತು ಎಂದುಕೊಳ್ಳಬೇಡಿ. ತರಕಾರಿ ಬೇಯಿಸುವುದು, ಮಿಸೊ ಸೂಪು ಮಾಡುವುದು, ತೆಂಪುರಾ ಎಂಬ ಬಜ್ಜಿಗೆ ನೆಂಚಿಕೊಳ್ಳುವ ರಸ ಕಲಸುವುದು ಎಲ್ಲವೂ ದಾಶಿ ಎಂಬ ಸಾರಿನಲ್ಲಿ. ಅದನ್ನು ತೆಗೆಯುವುದು ಒಣಗಿಸಿದ ಕತ್ಸುಓ ಮೀನಿನ ಹೆರಕಲಿನಿಂದ. ಬೇಯಿಸಿದ ಪಾಲಕ್ ಸೊಪ್ಪಿನ ಮೇಲೆ ಉದುರಿಸಿ ತಂದ, ಬಿಸಿಗೆ ಅಲುಗಾಡುವ ಕಂದು ಎಸಳುಗಳೂ ಅದೇ ಮೀನು. "ನಾನು ವೆಜಿಟೇರಿಯನ್" ಎಂದಷ್ಟೇ ಹೇಳಿದರೆ ಅಡುಗೆಯವರು ಮಾಂಸ, ಮೀನಿನ ತುಂಡು ಬಿಟ್ಟು ಅದೇ ಸಾರಿನಲ್ಲಿ ಕುಂಬಳಕಾಯಿ ಬೇಯಿಸಿ ಕೊಡುತ್ತಾರೆ. ಅವರ ಕಣ್ಣಿಗೆ ಅದು ಸಸ್ಯಾಹಾರವೇ.

ಹಾಗಾಗಿ ಬುಕ್ ಮಾಡುವಾಗಲೇ ಬರೆದು ಕೇಳಿ. ಹೋದ ಮೇಲೆ ಹೇಳಿದರೆ ಏನೂ ಆಗುವುದಿಲ್ಲ, ಸಾಮಾನು ಆಗಲೇ ತಂದಾಗಿರುತ್ತದೆ. ಮಾಂಸ, ಮೀನು, ಮೊಟ್ಟೆ ಬೇಡ, ಕತ್ಸುಓ ದಾಶಿ ಬೇಡ, ಕೊಂಬು ಎಂಬ ಕಡಲಸೊಪ್ಪಿನ ಅಥವಾ ಶೀತಾಕೆ ಅಣಬೆಯ ದಾಶಿ ಆಗಬಹುದು ಎಂದು ಬಿಡಿಸಿ ಬರೆಯಿರಿ. ಬಾಯಲ್ಲಿ ಹೇಳಬೇಕಾದರೆ: "ನಿಕು ತೊ ಸಕಾನಾ ವ ತಾಬೆಮಸೆನ್. ದಾಶಿ ವ ಕೊಂಬು ದೆ ಒನೆಗಾಯಿಶಿಮಸು." ಅಂದರೆ ಮಾಂಸ, ಮೀನು ತಿನ್ನುವುದಿಲ್ಲ, ದಾಶಿ ಕೊಂಬುವಿನದಾಗಿರಲಿ. ಆಗುವುದಿಲ್ಲ ಎಂದು ಅವರು ಬರೆದರೆ ಬೇಸರ ಮಾಡಿಕೊಳ್ಳದೆ ಬೇರೆ ಕಡೆ ನೋಡಿ. ಅರೆಮನಸ್ಸಿನಿಂದ ಒಪ್ಪಿದವರಿಗಿಂತ ಆಗದು ಎಂದವರು ಮೇಲು.

ಊಟವಿಲ್ಲದೆ ಬರೀ ತಂಗುವ ಯೋಜನೆಯೂ ಇರುತ್ತದೆ, ಸುದೊಮಾರಿ ಎನ್ನುತ್ತಾರೆ, ಅಗ್ಗವೂ ಹೌದು. ಆದರೆ ಬೆಟ್ಟದ ಸಣ್ಣ ಊರುಗಳಲ್ಲಿ ಸಂಜೆಯಾಗುತ್ತಲೇ ಅಂಗಡಿ ಮುಚ್ಚುತ್ತಾರೆ. ಬರುವಾಗಲೇ ಊಟ ಕಟ್ಟಿಸಿಕೊಂಡು ಬನ್ನಿ. ಕೋಣೆಯಲ್ಲಿ ಬಿಸಿನೀರು ಇದ್ದೇ ಇರುತ್ತದೆ, ಬಿಸಿನೀರು ಹಾಕಿದರೆ ಸಿದ್ಧವಾಗುವ ಉಪ್ಪಿಟ್ಟು, ಅವಲಕ್ಕಿ ಪೊಟ್ಟಣ ಕೈ ಹಿಡಿಯುತ್ತದೆ. ತತಾಮಿಯ ಮೇಲೆ ಇಂಡಕ್ಷನ್ ಒಲೆ ಇಟ್ಟು ಒಗ್ಗರಣೆ ಹಾಕುವ ಸಾಹಸ ಮಾತ್ರ ಬೇಡ. ಚಾಪೆ ಸುಟ್ಟರೆ ದಂಡ ಕಟ್ಟಬೇಕು, ಇಂಗಿನ ವಾಸನೆ ಎಷ್ಟು ದಿನ ಉಳಿಯುತ್ತದೆ ಎಂಬುದು ನಮಗೇ ಗೊತ್ತು.

ಈರುಳ್ಳಿ, ಬೆಳ್ಳುಳ್ಳಿಯೂ ಬೇಡ ಎನ್ನುವವರು ವಕಯಾಮಾ ಪ್ರಾಂತ್ಯದ ಕೋಯಾಸಾನ್ ಬೆಟ್ಟಕ್ಕೆ ಹೋಗಬೇಕು. ಸುಮಾರು ಐವತ್ತು ಬೌದ್ಧ ಮಠಗಳು ಅಲ್ಲಿ ಅತಿಥಿಗಳನ್ನು ಇರಿಸಿಕೊಳ್ಳುತ್ತವೆ. ಅವರ ಶೋಜಿನ್ ಅಡುಗೆಯಲ್ಲಿ ಮೀನಿಲ್ಲ, ಮಾಂಸವಿಲ್ಲ, ಈರುಳ್ಳಿ ಬೆಳ್ಳುಳ್ಳಿ ಇಲ್ಲ. ಎಳ್ಳಿನ ತೋಫು, ಹೆಪ್ಪುಗಟ್ಟಿಸಿ ಒಣಗಿಸಿದ ಕೋಯಾ ತೋಫು, ಬೆಟ್ಟದ ಸೊಪ್ಪುಗಳು. ಕೋಣೆ, ಹಾಸಿಗೆ, ಯುಕಾತಾ ಎಲ್ಲ ರ್ಯೋಕಾನ್‌ನಂತೆಯೇ. ಸ್ನಾನ ಮಾತ್ರ ಸಾಮಾನ್ಯವಾಗಿ ಸಾಮೂಹಿಕ, ಬುಗ್ಗೆಯ ನೀರನ್ನು ನಿರೀಕ್ಷಿಸಬೇಡಿ. ಒಂದು ರಾತ್ರಿ ಅಲ್ಲಿ ಊಟಕ್ಕೆ, ಇನ್ನೊಂದು ರಾತ್ರಿ ಬೇರೆ ಕಡೆ ಸುದೊಮಾರಿಯಲ್ಲಿ ಸ್ನಾನಕ್ಕೆ ಎಂದು ಹಂಚಿಕೊಂಡರೆ ಎರಡೂ ದಕ್ಕುತ್ತವೆ.

ಸ್ನಾನ ಮಾಡುವ ಕ್ರಮ ಹೇಗೆ?

ತೊಟ್ಟಿ ಇರುವುದು ಕೊಳೆ ತೊಳೆಯಲು ಅಲ್ಲ, ನೆನೆಯಲು. ಮೊದಲು ಪಕ್ಕದಲ್ಲಿರುವ ಪುಟ್ಟ ಸ್ಟೂಲಿನ ಮೇಲೆ ಕೂತು, ಸೋಪು ಹಚ್ಚಿ, ನೊರೆ ಒಂದು ಹನಿಯೂ ಉಳಿಯದಂತೆ ಮೈ ತೊಳೆದುಕೊಳ್ಳಿ. ಆಮೇಲೆ ಬೋಗುಣಿಯಲ್ಲಿ ತೊಟ್ಟಿಯ ನೀರು ಮೊಗೆದು ಕಾಲಿನಿಂದ ಶುರುಮಾಡಿ ಮೈಗೆ ಹಾಕಿಕೊಂಡು, ಬಿಸಿ ಒಗ್ಗಿದ ಮೇಲೆ ನಿಧಾನವಾಗಿ ಇಳಿಯಿರಿ. ಕೂದಲು ಮೇಲಕ್ಕೆ ಕಟ್ಟಿ. ಸಣ್ಣ ಟವೆಲನ್ನು ನೀರಿಗೆ ಅದ್ದಬೇಡಿ, ಮಡಚಿ ತಲೆಯ ಮೇಲಿಟ್ಟುಕೊಳ್ಳಿ.

ತಲೆಗೆ ಕೊಬ್ಬರಿ ಎಣ್ಣೆ ಹಚ್ಚಿಕೊಂಡು ಇಳಿಯಬೇಡಿ. ಕಾಶಿಕಿರಿಯಲ್ಲಿ ನಿಮ್ಮ ನಂತರ ಅದೇ ನೀರಿಗೆ ಇನ್ನೊಂದು ಸಂಸಾರ ಬರುತ್ತದೆ. ಖಾಸಗಿ ಎಂದರೆ ಆ ಒಂದು ಗಂಟೆಗೆ ಖಾಸಗಿ, ನೀರು ಎಲ್ಲರದ್ದು. ಅರಿಸಿನ, ಕಡಲೆಹಿಟ್ಟು, ಸೀಗೆಪುಡಿಗೂ ಇದೇ ಮಾತು.

ಕೋಣೆಯ ತೊಟ್ಟಿಯಲ್ಲಿ ನೀರು ತೀರಾ ಬಿಸಿ ಎನಿಸಿದರೆ ತಣ್ಣೀರಿನ ನಲ್ಲಿ ತಿರುಗಿಸಬಹುದು. ತೊಟ್ಟಿಯ ಮೇಲೆ ಮರದ ಹಲಗೆ ಮುಚ್ಚಿದ್ದರೆ ಅದು ಬಿಸಿ ಆರದಿರಲೆಂದು, ನೀವು ಎದ್ದ ಮೇಲೆ ಮತ್ತೆ ಮುಚ್ಚಿ. ಗಂಧಕದ ನೀರಾಗಿದ್ದರೆ ಕಿಟಕಿ ತೆರೆದೇ ಇರಲಿ, ಚಳಿ ಎಂದು ಮುಚ್ಚಬೇಡಿ, ಆ ಗಾಳಿ ಒಳ್ಳೆಯದಲ್ಲ.

ತಾಳಿ, ಕಾಲುಂಗುರ ತೆಗೆಯಬೇಕಾ?

ಬೆಳ್ಳಿಯ ಕಾಲುಂಗುರ, ಗೆಜ್ಜೆ, ಉಡಿದಾರ ಇದ್ದರೆ ನೀರು ಯಾವುದೆಂದು ನೋಡಿಕೊಳ್ಳಿ. ಗಂಧಕದ ನೀರು ಬೆಳ್ಳಿಗೆ ತಾಗಿದರೆ ಕೆಲವೇ ನಿಮಿಷಗಳಲ್ಲಿ ಕಪ್ಪಾಗುತ್ತದೆ. ಹಾಳಾಗುವುದಿಲ್ಲ, ಮೇಲ್ಮೈ ಮಾತ್ರ ಬಣ್ಣ ತಿರುಗುತ್ತದೆ, ಊರಿಗೆ ಬಂದು ವಿಭೂತಿ ಹಾಕಿ ತಿಕ್ಕಿದರೆ ಹೊಳಪು ಬರುತ್ತದೆ. ಚಿನ್ನದ ನೀರು ಕುಡಿಸಿದ ಒಡವೆಗೂ ಹೊಡೆತ. ಮುತ್ತಿಗೆ ಆಮ್ಲೀಯ ನೀರು ಆಗದು. ಗಟ್ಟಿ ಚಿನ್ನದ ತಾಳಿಗೆ ಅಷ್ಟು ಭಯವಿಲ್ಲ. ತೆಗೆಯಲು ಮನಸ್ಸಿಲ್ಲದವರು ಗಂಧಕವಿಲ್ಲದ ಬುಗ್ಗೆ ಆರಿಸಿಕೊಳ್ಳಿ. ಗಿಫು ಪ್ರಾಂತ್ಯದ ಗೆರೊದಲ್ಲಿ ನೀರು ಕ್ಷಾರೀಯ, ಮೈಗೆ ನುಣುಪು.

ಎಷ್ಟು ಹೊತ್ತು ಕೂರಬಹುದು? ಬಿ.ಪಿ., ಶುಗರ್ ಇರುವವರು? ಬಸುರಿಯರು?

ನೀರು 40ರಿಂದ 42 ಡಿಗ್ರಿ ಇರುತ್ತದೆ, ನಾವು ಬಚ್ಚಲಲ್ಲಿ ಮೈಗೆ ಹಾಕಿಕೊಳ್ಳುವ ಬಿಸಿಗೂ ಇದರಲ್ಲಿ ಕುತ್ತಿಗೆವರೆಗೆ ಕೂರುವುದಕ್ಕೂ ವ್ಯತ್ಯಾಸವಿದೆ. ಐದು ನಿಮಿಷ ಕೂತು, ಎದ್ದು ಅಂಚಿನಲ್ಲಿ ತಣಿದು, ಮತ್ತೆ ಐದು ನಿಮಿಷ ಇಳಿಯಿರಿ. ಥಟ್ಟನೆ ಎದ್ದರೆ ತಲೆ ಸುತ್ತುತ್ತದೆ. ಮುಂಚೆ, ಆಮೇಲೆ ನೀರು ಕುಡಿಯಿರಿ. ಊಟವಾದ ಕೂಡಲೇ, ಸಾಕೆ ಎಂಬ ಅಕ್ಕಿಯ ಮದ್ಯ ಕುಡಿದ ಮೇಲೆ ಬೇಡವೇ ಬೇಡ. ಚಳಿಗಾಲದಲ್ಲಿ ಹೊರಗಿನ ತೊಟ್ಟಿಗೆ ನಡೆಯುವಾಗಿನ ಕೊರೆತ, ಆಮೇಲಿನ ಬಿಸಿ, ಈ ಏರಿಳಿತವೇ ರಕ್ತದೊತ್ತಡದವರಿಗೆ ಅಪಾಯ. ಹೃದಯದ ತೊಂದರೆ, ಬಿ.ಪಿ., ಶುಗರ್ ಇದ್ದವರು ಹೊರಡುವ ಮುಂಚೆ ತಮ್ಮ ಡಾಕ್ಟರನ್ನು ಕೇಳಲಿ, ಒಬ್ಬರೇ ಇಳಿಯದಿರಲಿ.

ಬಸುರಿಯರಿಗೆ ಒನ್ಸೆನ್ ನಿಷಿದ್ಧ ಎಂಬ ಮಾತು ಜಪಾನ್ ಸರ್ಕಾರದ ಪಟ್ಟಿಯಲ್ಲೇ ಬಹಳ ಕಾಲ ಇತ್ತು. 2014ರಲ್ಲಿ ಅದನ್ನು ತೆಗೆದುಹಾಕಿದರು. ಆದರೂ ಹೆಚ್ಚು ಬಿಸಿ ಬೇಡ, ಜಾರುವ ಕಲ್ಲಿನ ಬಗ್ಗೆ ಎಚ್ಚರ, ನಿಮ್ಮ ಡಾಕ್ಟರು ಹೂಂ ಅಂದರಷ್ಟೇ. ಮುಟ್ಟಿನ ದಿನಗಳಲ್ಲಿ ತೊಟ್ಟಿಗೆ ಇಳಿಯದಿರುವುದು ಅಲ್ಲಿನ ರೂಢಿ, ಪಕ್ಕದ ಶವರ್ ಬಳಸಿ.

ನಮ್ಮತ್ತೆಯವರಿಗೆ ಮಂಡಿನೋವು. ನೆಲದ ಮೇಲೆ ಕೂರೋಕೆ, ಮಲಗೋಕೆ ಆಗಲ್ಲ.

ಮಂಚವಿರುವ ತತಾಮಿ ಕೋಣೆಗಳು ಈಗ ಧಾರಾಳವಾಗಿವೆ, ಹುಡುಕುವಾಗ ಅದನ್ನೇ ಆರಿಸಿ. ಊಟಕ್ಕೆ ಮೇಜು ಕುರ್ಚಿ ಬೇಕೆಂದು ಮುಂಚೆಯೇ ತಿಳಿಸಿ. ಹಳೆಯ ಮರದ ರ್ಯೋಕಾನ್‌ಗಳಲ್ಲಿ ಲಿಫ್ಟ್ ಇರುವುದಿಲ್ಲ, ಕಾಶಿಕಿರಿ ಒಮ್ಮೊಮ್ಮೆ ಹೊಳೆ ದಂಡೆಯವರೆಗೆ ಮೆಟ್ಟಿಲಿಳಿದು ಹೋಗುವ ಹಾಗಿರುತ್ತದೆ. ಕೇಳಿಕೊಳ್ಳಿ. ಇವರಿಗಾದರೆ ಕೋಣೆಯಲ್ಲೇ ತೊಟ್ಟಿ ಇರುವುದೇ ಸರಿ. ಟಾಯ್ಲೆಟ್ ಬಗ್ಗೆ ಚಿಂತೆ ಬೇಡ, ಕಮೋಡಿನಲ್ಲೇ ನೀರು ಚಿಮ್ಮಿಸುವ ಬಟನ್ ಇರುತ್ತದೆ.

ಮಕ್ಕಳನ್ನು ಕರೆದುಕೊಂಡು ಹೋಗಬಹುದಾ?

ಹೆಚ್ಚಿನ ಕಡೆ ಹೌದು, ದೊಡ್ಡವರಿಗಷ್ಟೇ ಎಂಬ ರ್ಯೋಕಾನ್‌ಗಳೂ ಇವೆ, ಅದನ್ನು ಬರೆದಿರುತ್ತಾರೆ. ಸಾಮೂಹಿಕ ಸ್ನಾನದಲ್ಲಿ ಗಂಡು ಮಗುವನ್ನು ತಾಯಿ, ಹೆಣ್ಣು ಮಗುವನ್ನು ತಂದೆ ಕರೆದೊಯ್ಯುವುದಕ್ಕೆ ವಯಸ್ಸಿನ ಮಿತಿಯಿದೆ. 2020ರ ಕೊನೆಯಲ್ಲಿ ಸರ್ಕಾರದ ಮಾರ್ಗಸೂಚಿ ಅದನ್ನು ಸುಮಾರು ಏಳು ವರ್ಷಕ್ಕೆ ಇಳಿಸಿತು. ಕಾಶಿಕಿರಿಯಲ್ಲಿ ಈ ತಲೆಬಿಸಿಯೇ ಇಲ್ಲ. ಡಯಾಪರ್ ಬಿಡದ ಕೂಸನ್ನು ತೊಟ್ಟಿಗೆ ಇಳಿಸಲು ಎಷ್ಟೋ ಕಡೆ ಒಪ್ಪುವುದಿಲ್ಲ.

ಮೈಮೇಲೆ ಟ್ಯಾಟೂ ಇದೆ.

ಸಾಮೂಹಿಕ ಸ್ನಾನಕ್ಕೆ ಹಲವು ಕಡೆ ಬಿಡುವುದಿಲ್ಲ. ಖಾಸಗಿ ತೊಟ್ಟಿಯಲ್ಲಿ ಕೇಳುವವರಿಲ್ಲ. ಕಿನೊಸಾಕಿಯ ಏಳೂ ಸಾರ್ವಜನಿಕ ಸ್ನಾನದ ಮನೆಗಳಲ್ಲಿ ಅಡ್ಡಿಯಿಲ್ಲ. ಅಜ್ಜಿಯ ಮುಂಗೈ ಮೇಲಿನ ಹಸಿರು ಹಚ್ಚೆಯೂ ಇದೇ ನಿಯಮಕ್ಕೆ ಬರುತ್ತದೆ, ಸಣ್ಣದಾದರೆ ಮೇಲೆ ಪ್ಲಾಸ್ಟರ್ ಅಂಟಿಸಿದರೆ ಸಾಕು ಎನ್ನುವ ಕಡೆಗಳೂ ಇವೆ.

ಯುಕಾತಾ, ಚಪ್ಪಲಿ ಇವೆಲ್ಲ ಗೊಂದಲ.

ಯುಕಾತಾದ ಎಡಭಾಗ ಯಾವಾಗಲೂ ಮೇಲೆ ಬರಬೇಕು, ಗಂಡಸರಿಗೂ ಹೆಂಗಸರಿಗೂ. ಬಲಭಾಗ ಮೇಲೆ ಬರುವಂತೆ ಸುತ್ತುವುದು ಹೆಣಕ್ಕೆ. ಬಾಗಿಲಲ್ಲಿ ಬೂಟು ಬಿಟ್ಟು ಅವರು ಕೊಟ್ಟ ಚಪ್ಪಲಿ ಹಾಕಿಕೊಳ್ಳಿ, ತತಾಮಿ ಹತ್ತುವಾಗ ಅದನ್ನೂ ಬಿಡಿ. ಟಾಯ್ಲೆಟ್ಟಿಗೆ ಬೇರೆಯೇ ಚಪ್ಪಲಿ, ಅದನ್ನು ಹೊರಗೆ ತರಬೇಡಿ. ಮಡಿ-ಮೈಲಿಗೆ ಕಂಡ ಮನೆಯಿಂದ ಬಂದವರಿಗೆ ಇದು ಬೇಗ ಒಗ್ಗುತ್ತದೆ.

ಸಾಮೂಹಿಕ ಸ್ನಾನದ ಮನೆಗೂ ಒಮ್ಮೆ ಹೋಗಿ ನೋಡೋಣ ಎಂದು ಮನಸ್ಸಾದರೆ ಬಾಗಿಲ ಪರದೆ ಗಮನಿಸಿ: ಸಾಮಾನ್ಯವಾಗಿ ನೀಲಿ ಗಂಡಸರಿಗೆ, ಕೆಂಪು ಹೆಂಗಸರಿಗೆ. ರಾತ್ರಿ ಗಂಡಸರದಾಗಿದ್ದುದನ್ನು ಬೆಳಿಗ್ಗೆ ಹೆಂಗಸರಿಗೆ ಅದಲುಬದಲು ಮಾಡುವ ಪದ್ಧತಿ ಬಹಳ ಕಡೆ ಇದೆ. ನಿದ್ದೆಗಣ್ಣಲ್ಲಿ ನಿನ್ನೆಯ ಬಾಗಿಲಿಗೇ ನುಗ್ಗಬೇಡಿ.

ಎಷ್ಟು ಹೊತ್ತಿಗೆ ತಲುಪಬೇಕು?

ಮೂರು ಗಂಟೆಗೆ. ದಿನವಿಡೀ ದೇವಸ್ಥಾನ ಸುತ್ತಿ ರಾತ್ರಿ ಎಂಟಕ್ಕೆ ಹೋಗುವುದಾದರೆ ರ್ಯೋಕಾನ್‌ಗೆ ಕೊಟ್ಟ ದುಡ್ಡು ನೀರಿಗೆ ಹಾಕಿದಂತೆ. ಕಾಶಿಕಿರಿಯ ಒಳ್ಳೆಯ ಹೊತ್ತುಗಳು ಮೊದಲು ಬಂದವರಿಗೆ ಹೋಗುತ್ತವೆ. ಊಟದ ಸಮಯ ಆರು, ಹೆಚ್ಚೆಂದರೆ ಏಳು. ತಡವಾದರೆ ಊಟ ಎತ್ತಿಬಿಡುತ್ತಾರೆ, ಹಣ ವಾಪಸಾಗುವುದಿಲ್ಲ. ರೈಲು ತಪ್ಪಿದರೆ ಫೋನ್ ಮಾಡಿ ಹೇಳಿ. ಎಷ್ಟೋ ರ್ಯೋಕಾನ್‌ಗಳು ಹೇಳಿದ ಹೊತ್ತಿಗೆ ನಿಲ್ದಾಣಕ್ಕೆ ವ್ಯಾನ್ ಕಳಿಸುತ್ತವೆ.

ದೊಡ್ಡ ಸೂಟ್‌ಕೇಸುಗಳನ್ನು ಹೊತ್ತು ಬೆಟ್ಟ ಹತ್ತಬೇಡಿ. ಟೋಕಿಯೊದ ಹೋಟೆಲಿನ ಕೌಂಟರಿನಲ್ಲೇ ತಕ್ಯೂಬಿನ್ ಕೊರಿಯರಿಗೆ ಕೊಟ್ಟರೆ ಸಾಮಾನ್ಯವಾಗಿ ಮರುದಿನ ನಿಮ್ಮ ಮುಂದಿನ ಊರಿನ ಹೋಟೆಲಿಗೆ ತಲುಪಿರುತ್ತದೆ. ಒಂದು ರಾತ್ರಿಗೆ ಬೇಕಾದದ್ದು ಒಂದು ಕೈಚೀಲ ಅಷ್ಟೇ, ಯುಕಾತಾ, ಟವೆಲ್, ಹಲ್ಲುಜ್ಜುವ ಬ್ರಷ್ ಅಲ್ಲೇ ಇರುತ್ತವೆ. ಪಾಸ್‌ಪೋರ್ಟ್ ಮಾತ್ರ ಜೊತೆಗಿರಲಿ, ವಿದೇಶಿಯರದನ್ನು ನಕಲು ಮಾಡಿಕೊಳ್ಳುತ್ತಾರೆ.

ಟಿಪ್ಸ್ ಕೊಡಬೇಕಾ?

ಬೇಡ. ಊರಿನಿಂದ ಮೈಸೂರುಪಾಕಿನ ಸಣ್ಣ ಡಬ್ಬಿ ತಂದಿದ್ದರೆ ಕೋಣೆ ನೋಡಿಕೊಂಡ ಹೆಂಗಸಿಗೆ ಕೊಡಿ, ಎರಡು ಕೈಯಲ್ಲಿ ತೆಗೆದುಕೊಳ್ಳುತ್ತಾರೆ.

ಬುಕಿಂಗ್ ರದ್ದು ಮಾಡಿದರೆ?

ಹೋಟೆಲಿಗಿಂತ ಕಟ್ಟುನಿಟ್ಟು. ಒಂದು ವಾರದ ಮುಂಚಿನಿಂದಲೇ ಶೇಕಡಾವಾರು ಕಡಿತ ಶುರುವಾಗುವುದುಂಟು, ಅದೇ ದಿನವಾದರೆ ಪೂರ್ತಿ ಹಣ ಹೋಗುವುದೇ ಹೆಚ್ಚು. ನಿಮ್ಮ ತಲೆ ಎಣಿಸಿ ಅಡುಗೆ ಸಾಮಾನು ತಂದಿರುತ್ತಾರೆ. ನಾಲ್ವರಲ್ಲಿ ಒಬ್ಬರು ಕಡಿಮೆಯಾದರೂ ಮುಂಚೆಯೇ ತಿಳಿಸಿ. ವೀಸಾ ಕೈಗೆ ಬರುವ ಮೊದಲು ಬುಕ್ ಮಾಡುವುದಾದರೆ ರದ್ದು ಮಾಡುವ ಕೊನೆಯ ದಿನಾಂಕವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಟ್ಟುಕೊಳ್ಳಿ.